ಮನೆ ಕಾವಲಿಗೆ ಮೊದಲ ಪಿಸ್ತೂಲ್: ಯಾವುದು ತೆಗೆದುಕೊಳ್ಳಲಿ?

ಪೆರ್ಲದ ಮಗ
ನಮಸ್ಕಾರ ಎಲ್ಲರಿಗೂ. ಕಾಸರಗೋಡಿನ ಪೆರ್ಲದಿಂದ ಒಳಗೆ ನಾಲ್ಕು ಕಿಲೋಮೀಟರ್ ನಮ್ಮ ಮನೆ. ಸುತ್ತ ತೋಟ. ಕೂಗಿದರೆ ಪಕ್ಕದ ಮನೆಯವರಿಗೆ ಕೇಳಿಸುವುದಿಲ್ಲ. ಅಪ್ಪನಿಗೆ 71, ಅಮ್ಮನಿಗೆ 66. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ತಿಂಗಳಿಗೆ ಎರಡು ಸಲ ಊರಿಗೆ ಬರುತ್ತೇನೆ. ಕಳೆದ ತಿಂಗಳು ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯಲ್ಲಿ ಮೂರು ಗೋಣಿಯಷ್ಟು ರಾತ್ರಿ ಹೋಯಿತು. ಪ್ಲಾಸ್ಟಿಕ್ ಹೊದಿಕೆಯನ್ನು ಬ್ಲೇಡಿನಲ್ಲಿ ನೀಟಾಗಿ ಕೊಯ್ದಿದ್ದರು. ಅಡಿಕೆ ಹೋದದ್ದು ಇರಲಿ, ಆ ಕೊಯ್ದ ಗೆರೆ ನೋಡಿ ಅಮ್ಮ ಅವತ್ತಿನಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಅಂಗಳಕ್ಕೆ ಬಂದವರು ಜಗಲಿಗೆ ಬರುವುದಿಲ್ಲ ಅಂತ ಏನು ಗ್ಯಾರಂಟಿ?

ಹಾಗಾಗಿ ಒಂದು ಪಿಸ್ತೂಲ್ ಅಥವಾ ರಿವಾಲ್ವರ್ ತೆಗೆದುಕೊಳ್ಳುವ ಯೋಚನೆ. ಮನೆಯಲ್ಲೂ ಆಗಬೇಕು, ಅಡಿಕೆ ಮಾರಲು ಹೋಗುವಾಗ ಸೊಂಟದಲ್ಲೂ ಇಟ್ಟುಕೊಳ್ಳುವಂತಿರಬೇಕು. ಮೊದಲ ಸಲ. ಯೂಟ್ಯೂಬಲ್ಲಿ ನೋಡಿದರೆ ಎಲ್ಲರೂ 9 ಎಂಎಂ ಗುಂಡು, ಗ್ಲಾಕ್ ಕಂಪನಿಯ ಪಿಸ್ತೂಲ್ ಅಂತಾರೆ. ಗೊತ್ತಿದ್ದವರು ಹೇಳಿ.

ಮುಳ್ಳೇರಿಯ ಹಂದಿಕಾಟ
ಮೊದಲು ಯೂಟ್ಯೂಬ್ ಬಂದ್ ಮಾಡಿ ಮಾರಾಯ್ರೆ.

ಡಲ್ಲಾಸ್‌ವಾಸಿ
ನಾನು ಬದಿಯಡ್ಕದವನು, ಹದಿನಾಲ್ಕು ವರ್ಷದಿಂದ ಟೆಕ್ಸಾಸಿನಲ್ಲಿದ್ದೇನೆ. ಇಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ದಾಟಿದವರು, ಕಾನೂನಿನ ಅಡ್ಡಿ ಇಲ್ಲದವರು ಪರ್ಮಿಟ್ ಇಲ್ಲದೆಯೇ ಹ್ಯಾಂಡ್‌ಗನ್, ಅಂದರೆ ಪಿಸ್ತೂಲ್ ಅಥವಾ ರಿವಾಲ್ವರ್, ಇಟ್ಟುಕೊಂಡು ಓಡಾಡಬಹುದು. ನೀವು ನೋಡಿದ ವಿಡಿಯೋಗಳೆಲ್ಲ ಈ ಲೋಕದವು. ನನ್ನ ಹತ್ತಿರ ಗ್ಲಾಕ್ 19 ಇದೆ, 9 ಎಂಎಂ, ಮ್ಯಾಗಜೀನಲ್ಲಿ (ಹಿಡಿಯೊಳಗೆ ಹಾಕುವ ಗುಂಡಿನ ಡಬ್ಬಿ) 15 ಗುಂಡು. ಒಳ್ಳೆಯದೇ. ಆದರೆ ಸತ್ಯ ಹೇಳ್ತೇನೆ, ಆರು ತಿಂಗಳು ಸೊಂಟಕ್ಕೆ ಕಟ್ಟಿಕೊಂಡು ಆಮೇಲೆ ತಿಜೋರಿಯಲ್ಲಿಟ್ಟೆ. ಕೂತರೆ ಚುಚ್ಚುತ್ತದೆ. ಬಗ್ಗಿದರೆ ಅಂಗಿ ಮೇಲೆ ಸರಿಯುತ್ತದೆ. ಇಡೀ ದಿನ ತಲೆಯ ಒಂದು ಮೂಲೆ ಅದರ ಕಡೆಗೇ ಇರುತ್ತದೆ. ದಪ್ಪ ಬೆಲ್ಟು ಇಲ್ಲದೆ ಯಾವ ಹೋಲ್‌ಸ್ಟರೂ (ಸೊಂಟದ ಪಿಸ್ತೂಲ್ ಚೀಲ) ನಿಲ್ಲುವುದಿಲ್ಲ. ನಿಮ್ಮ ಅಪ್ಪ ಮುಂಡು ಉಡುವವರಾ?

ಪೆರ್ಲದ ಮಗ
ಹೌದು 😀 ಅದರ ಮೇಲೆ ಒಂದು ಬೈರಾಸು (ಹೆಗಲ ಟವೆಲ್).

ಮುಳ್ಳೇರಿಯ ಹಂದಿಕಾಟ
ಬೈರಾಸಿನಲ್ಲಿ ಗ್ಲಾಕ್. ಯಕ್ಷಗಾನದವರಿಗೂ ಹೊಳೆಯದ ವೇಷ.

ಕಪ್ಪುಕೋಟು
ಹಾಸ್ಯ ಆಮೇಲೆ. ಕಾನೂನಿನ ಮಾತು ಮೊದಲು ಆಗಲಿ, ಯಾಕೆಂದರೆ ಅಲ್ಲಿಗೇ ಅರ್ಧ ಪ್ರಶ್ನೆ ಮುಗಿಯುತ್ತದೆ.

9 ಎಂಎಂ ನಮ್ಮಲ್ಲಿ ಸಾಮಾನ್ಯ ಜನರಿಗೆ ಇಲ್ಲ. ಸೈನ್ಯ, ಪೊಲೀಸರ 9 ಎಂಎಂ ಗುಂಡು ಹೋಗುವ ಪಿಸ್ತೂಲ್, .45, ಹಾಗೇ .380 ಮತ್ತು .455 ಗುಂಡಿನ ರಿವಾಲ್ವರ್, ಇವೆಲ್ಲ 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ನಿರ್ಬಂಧಿತ ವರ್ಗಕ್ಕೆ ಬರುತ್ತವೆ. ಅದಕ್ಕೆ ಜಿಲ್ಲಾಧಿಕಾರಿ ಲೈಸೆನ್ಸ್ ಕೊಡುವುದಿಲ್ಲ, ದೆಹಲಿಗೆ ಹೋಗಬೇಕು. ನಿಮಗೆ ಮುಖ್ಯವಾಗಿ ಉಳಿಯುವುದು .32 ಮತ್ತು .22 (ಇಂಚಿನ ಲೆಕ್ಕದಲ್ಲಿ ಗುಂಡಿನ ಅಳತೆ). ಹಾಗಾಗಿ ಗ್ಲಾಕ್ ಒಳ್ಳೆಯದಾ ಇನ್ನೊಂದು ಒಳ್ಳೆಯದಾ ಎಂಬ ಚರ್ಚೆ ನಮಗೆ ಸುಮ್ನೆ ಬಾಯಿ ಚಪಲ.

ಎರಡನೆಯದು, ಇದನ್ನು ಯಾರೂ ಹೇಳುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಓದಿ. ಆತ್ಮರಕ್ಷಣೆಗೆ ಅಂತ 20 ಇಂಚಿಗಿಂತ ಕಡಿಮೆಯಿಲ್ಲದ, ಒಳಗೆ ನಯವಾದ ನಳಿಗೆಯ ಕೋವಿ ಕೇಳಿದರೆ, ಅಂದರೆ ನಮ್ಮ 12 ಬೋರ್, ಅಥವಾ ಬೆಳೆ ಕಾಯಲು ಮದ್ದು ತುಂಬಿಸುವ ಕೇಪಿನ ಕೋವಿ ಕೇಳಿದರೆ, ಬೇರೆ ಅಡ್ಡಿ ಇಲ್ಲದಿದ್ದಾಗ ಲೈಸೆನ್ಸ್ ಕೊಡಬೇಕು ಅಂತಲೇ ಇದೆ. ಹ್ಯಾಂಡ್‌ಗನ್ನಿಗೆ ಹಾಗಲ್ಲ. ಸರಿಯಾದ ಕಾರಣ ಇದೆ ಅಂತ ಅಧಿಕಾರಿಗೆ ಮನವರಿಕೆ ಆಗಬೇಕು. ಅಡಿಕೆ ಕಳವಾಯಿತು ಅಂತ ಬರೆದರೆ, ಕಳವಿನ ದೂರು ಕೊಟ್ಟಿದ್ದೀರಾ ಅಂತ ಮೊದಲು ಕೇಳುತ್ತಾರೆ. ಕೊಟ್ಟಿದ್ದೀರಾ?

ಪೆರ್ಲದ ಮಗ
ಇಲ್ಲ. ಅಪ್ಪ ಬೇಡ ಅಂದರು.

ಕಪ್ಪುಕೋಟು
ಮೊದಲು ಅದನ್ನು ಕೊಡಿ. ಕೋವಿ ಬೇಕಾಗಲಿ ಬೇಡವಾಗಲಿ.

ಹಳೇ ಬೆಡಿ
ನನ್ನ ಹತ್ತಿರ ಮೂವತ್ತು ವರ್ಷದಿಂದ ಒಂಟಿ ನಳಿಗೆಯ ಬೆಡಿ (ಕೋವಿ) ಇದೆ, ಆಮೇಲೆ .32 ರಿವಾಲ್ವರೂ ತೆಗೆದುಕೊಂಡೆ. ಹಾಗಾಗಿ ಎರಡರ ಅನುಭವವೂ ಇದೆ. ಮೊದಲು ಮೂರು ಇಡಬಹುದಿತ್ತು, 2019ರ ತಿದ್ದುಪಡಿ ನಂತರ ಎರಡೇ. ಅದೇ ತಿದ್ದುಪಡಿಯಲ್ಲಿ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಅಷ್ಟು ಪುಣ್ಯ.

ರಿವಾಲ್ವರ್ ಯಾಕೆ ತೆಗೆದುಕೊಂಡೆ ಅಂದರೆ, ಆಗ ಕಾಳುಮೆಣಸು ಮಾರಿದ ಹಣ ಹಿಡಿದುಕೊಂಡು ಓಡಾಡುತ್ತಿದ್ದೆ. ಈಗ ಯಾರು ನಗದು ಹಿಡಿದುಕೊಂಡು ಬರುತ್ತಾರೆ? ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಹಾಕಿದರೆ ಹಣ ಬ್ಯಾಂಕಿಗೇ ಬರುತ್ತದೆ. ಆ ರಿವಾಲ್ವರ್ ಹನ್ನೊಂದು ವರ್ಷದಿಂದ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಚುನಾವಣೆ ಬಂದಾಗ ಮಾತ್ರ ಹೊರಗೆ ಬರುತ್ತದೆ, ಅದೂ ಠಾಣೆಗೆ ಜಮಾ ಮಾಡಲು! ಲೋಕಸಭೆ, ವಿಧಾನಸಭೆ, ಪಂಚಾಯತ್, ಪ್ರತಿ ಸಲವೂ ಕೊಟ್ಟು ರಶೀದಿ ತರುವುದು, ಫಲಿತಾಂಶದ ನಂತರ ಹೋಗಿ ತರುವುದು. ಕಳ್ಳರು ಚುನಾವಣೆ ಸಮಯದಲ್ಲಿ ರಜೆ ಹಾಕುತ್ತಾರೋ ಏನೋ.

ಮಾಜಿ ಸುಬೇದಾರ್
ಪ್ರಶ್ನೆ ಕೇಳಿದವರಿಗೆ ನೇರ ಉತ್ತರವೂ ಬೇಕಲ್ಲ, ಹಾಗಾಗಿ ಆಯುಧದ ಬಗ್ಗೆ ಹೇಳುತ್ತೇನೆ.

.32ರಲ್ಲಿ ಎರಡು ಜಾತಿ. ಒಂದು ರಿವಾಲ್ವರ್, ತಿರುಗುವ ಗುಂಡುಗೂಡಿನಲ್ಲಿ ಆರು ಗುಂಡು. ಇನ್ನೊಂದು ಪಿಸ್ತೂಲ್, ಮ್ಯಾಗಜೀನಿನದ್ದು, ಉದಾಹರಣೆಗೆ ಅಶನಿ. ಎರಡಕ್ಕೂ .32 ಅಂತಲೇ ಹೆಸರು, ಆದರೆ ಗುಂಡು ಬೇರೆ ಬೇರೆ. ರಿವಾಲ್ವರಿನದ್ದು ಉದ್ದ, ಬುಡದಲ್ಲಿ ಅಂಚು ಇರುತ್ತದೆ. ಪಿಸ್ತೂಲಿನದ್ದು ಗಿಡ್ಡ, 7.65 ಎಂಎಂ ಅಂತಲೂ ಕರೆಯುತ್ತಾರೆ. ಒಂದರದ್ದು ಇನ್ನೊಂದಕ್ಕೆ ಹಾಕುವಂತಿಲ್ಲ. ಅಂಗಡಿಯಲ್ಲಿ .32 ಕೊಡಿ ಅಂತ ಮಾತ್ರ ಹೇಳಬೇಡಿ.

ಹಳೆಯ ಸರ್ಕಾರಿ ಕಾರ್ಖಾನೆಯ ರಿವಾಲ್ವರ್ ವೆಬ್ಲಿ ಮಾದರಿಯದ್ದು. ಮೇಲಿನ ಕೊಂಡಿ ಒತ್ತಿದರೆ ನಡುವಿಗೆ ಮಡಚಿ ತೆರೆಯುತ್ತದೆ, ಖಾಲಿ ಕೇಸುಗಳೆಲ್ಲ ಒಟ್ಟಿಗೆ ಮೇಲೆ ಏಳುತ್ತವೆ. 2014ರಲ್ಲಿ ಕಾನ್ಪುರದಿಂದ ನಿರ್ಭೀಕ್ ಬಂತು, ಅದೂ ಇದೇ ರೀತಿ, ಅರ್ಧ ಕಿಲೋ ತೂಕ, ಆಗಲೇ ಬೆಲೆ ಒಂದು ಲಕ್ಷ 22 ಸಾವಿರ. 2023ರಲ್ಲಿ ಪ್ರಬಲ್ ಬಂತು, ಗುಂಡುಗೂಡು ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ತೂಕ ಸುಮಾರು 700 ಗ್ರಾಂ. ನನ್ನನ್ನು ಕೇಳಿದರೆ ಹಗುರ ಅಂತ ಮೋಹ ಬೇಡ. ಹಗುರವಾದಷ್ಟು ಕೈಯಲ್ಲಿ ಜಾಸ್ತಿ ಹಾರುತ್ತದೆ. ನಳಿಗೆ ಗಿಡ್ಡವಾದಷ್ಟು ಗುರಿ ಕಷ್ಟ. ಸಣ್ಣದು ಸುಲಭ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಅದು ತಿರುಗಾಮುರುಗಾ.

ಮೊದಲ ಆಯುಧಕ್ಕೆ ರಿವಾಲ್ವರ್ ಅಂತಲೇ ನನ್ನ ಮತ. ಕಾರಣ ಒಂದೇ. ಪಿಸ್ತೂಲಿನಲ್ಲಿ ಮ್ಯಾಗಜೀನ್ ತೆಗೆದ ಕೂಡಲೇ ಖಾಲಿ ಆಯಿತು ಅಂದುಕೊಳ್ಳುತ್ತಾರೆ. ನಳಿಗೆಯ ಬುಡದಲ್ಲಿ ಒಂದು ಗುಂಡು ಕೂತಿರುತ್ತದೆ. ಒರೆಸಲು ಕೂತವನ ಕೈ, ಎದುರು ಕೂತವನ ಹೊಟ್ಟೆ, ಇಂಥ ಸುದ್ದಿಗಳ ಹಿಂದೆ ಹೆಚ್ಚಾಗಿ ಆ ಒಂದು ಗುಂಡೇ ಇರುತ್ತದೆ. ರಿವಾಲ್ವರ್ ತೆರೆದರೆ ಆರು ತೂತು ಕಣ್ಣೆದುರು ಕಾಣುತ್ತವೆ. ಗುಂಡು ಹಾರದಿದ್ದರೆ ಇನ್ನೊಮ್ಮೆ ಒತ್ತಿದರೆ ಮುಂದಿನದ್ದು ಬರುತ್ತದೆ.

ಆದರೆ 71ರವರ ಬೆರಳಿಗೆ ಆ ಟ್ರಿಗರ್ ಭಾರ. ಹಿಂದಿನ ಕುದುರೆ (ಗುಂಡಿಗೆ ಬಡಿಯುವ ಸುತ್ತಿಗೆ) ಎಳೆದಿಟ್ಟರೆ ಹಗುರ ಆಗುತ್ತದೆ, ಆಗ ಕೈ ನಡುಗಿದರೆ ಸಾಕು ಹಾರಿಬಿಡುತ್ತದೆ. ನಿಮ್ಮ ತಂದೆಯವರ ಕೈ ನಡುಗುತ್ತದೆಯೇ? ಬೇಸರ ಮಾಡಿಕೊಳ್ಳಬೇಡಿ, ಕೇಳಲೇಬೇಕಾದ ಮಾತು.

ಪೆರ್ಲದ ಮಗ
ಚಹಾದ ಲೋಟ ಹಿಡಿದಾಗ ಸ್ವಲ್ಪ. ಆದರೆ ಲೈಸೆನ್ಸ್ ನನ್ನ ಹೆಸರಿನಲ್ಲಿ ಮಾಡಿಸುವ ಅಂತ.

ಕಪ್ಪುಕೋಟು
ನಿಲ್ಲಿ ನಿಲ್ಲಿ. ನಿಮ್ಮ ಹೆಸರಿನಲ್ಲಿ? ನೀವು ಬೆಂಗಳೂರಿನಲ್ಲಿ ಇರುವವರು. ಅಂದರೆ ತಿಂಗಳಲ್ಲಿ ಇಪ್ಪತ್ತಾರು ದಿನ ಆಯುಧ ಪೆರ್ಲದಲ್ಲಿ, ಲೈಸೆನ್ಸುದಾರ ಬೆಂಗಳೂರಿನಲ್ಲಿ. ಲೈಸೆನ್ಸ್ ಇಲ್ಲದ ಇನ್ನೊಬ್ಬರು ಅದನ್ನು ಹಿಡಿಯುವುದಕ್ಕೆ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ ಇರುವ ಅವಕಾಶ ಬಹಳ ಸಣ್ಣದು. ನೀವು ಎದುರಿಗೆ ಇರಬೇಕು, ಅಥವಾ ನಿಮ್ಮ ಬರಹದ ಅನುಮತಿ ಬೇಕು, ಅದೂ ರಿಪೇರಿಗೆ, ನವೀಕರಣಕ್ಕೆ ಅಥವಾ ನಿಮ್ಮದೇ ಬಳಕೆಗೆ ತಂದುಕೊಡಲು. ರಾತ್ರಿ ಎರಡು ಗಂಟೆಗೆ ಅಪ್ಪ ಅದನ್ನು ಕೈಗೆತ್ತಿಕೊಂಡರೆ ಕಳ್ಳನ ಕೇಸಿನ ಜೊತೆ ಅವರ ಮೇಲೂ ಒಂದು ಕೇಸು. ನಿಮ್ಮ ಮೇಲೂ.

ಬೆಂಗಳೂರಿನಲ್ಲೇ ಇಟ್ಟುಕೊಂಡರೆ ಮನೆ ಕಾವಲು ಎಲ್ಲಿಗೆ ಬಂತು?

ಪೆರ್ಲದ ಮಗ
ಇದು ನನಗೆ ಹೊಳೆಯಲೇ ಇಲ್ಲ ಸರ್.

ಹಳೇ ಬೆಡಿ
ಸೊಂಟಕ್ಕೆ ಕಟ್ಟಿಕೊಂಡು ಹೋಗುವ ವಿಷಯವೂ ಹೇಳಿಬಿಡುತ್ತೇನೆ. ನಮ್ಮ ಕಾಸರಗೋಡಿನವರ ಬದುಕು ಅರ್ಧ ಆಚೆಗೆ. ಅಡಿಕೆಗೆ ಪುತ್ತೂರು, ಆಸ್ಪತ್ರೆಗೆ ಮಂಗಳೂರು, ಮದುವೆಗೆ ವಿಟ್ಲ. ಲೈಸೆನ್ಸಿನ ಪುಸ್ತಕದಲ್ಲಿ ಎಲ್ಲಿಯವರೆಗೆ ಊರ್ಜಿತ ಅಂತ ಒಂದು ಜಾಗ ಇದೆ ನೋಡಿ. ನನ್ನದರಲ್ಲಿ ಕೇರಳ ಅಂತ ಇದೆ. ಗಡಿಯ ಸಾರಡ್ಕ ದಾಟಿದ ಕೂಡಲೇ ನನ್ನ ರಿವಾಲ್ವರ್ ಲೈಸೆನ್ಸ್ ಇಲ್ಲದ ರಿವಾಲ್ವರ್. ತಲಪಾಡಿಯಲ್ಲೂ ಅದೇ. ಮೊದಮೊದಲು ಗೊತ್ತಿಲ್ಲದೆ ಒಮ್ಮೆ ವಿಟ್ಲದವರೆಗೆ ಹೋಗಿದ್ದೆ. ಅಡ್ಯನಡ್ಕದಲ್ಲಿ ಕಾರಿನ ಟಯರ್ ಪಂಕ್ಚರ್, ಅಲ್ಲಿ ಒಬ್ಬ ಗೆಳೆಯ ಸಿಕ್ಕಿ ಹೇಳಿದ ಮೇಲೆ ಬೆವರು ಇಳಿಯಿತು. ಟಯರ್ ಹಾಕಿಸಿಕೊಂಡು ಮದುವೆಯನ್ನೂ ಬಿಟ್ಟು ಹಿಂದೆ ಬಂದೆ. ಇಡೀ ಭಾರತಕ್ಕೆ ಬೇಕಿದ್ದರೆ ಬೇರೆ ಕೇಳಬೇಕು, ಅದಕ್ಕೆ ಕಾರಣ ಇನ್ನೂ ಗಟ್ಟಿ ಬೇಕು.

ಮುಳ್ಳೇರಿಯ ಹಂದಿಕಾಟ
ನನ್ನ ಭಾವ ಮಡಿಕೇರಿಯವರು. ಅವರಿಗೆ ಈ ತಲೆನೋವೇ ಇಲ್ಲ ಅಲ್ವಾ? ಲೈಸೆನ್ಸೇ ಬೇಡ ಅಂತಾರೆ.

ಕಪ್ಪುಕೋಟು
ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. 2019ರಲ್ಲಿ ಕೇಂದ್ರ ಅದನ್ನು ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿಸಿದೆ. ನಮಗೆ ಅದು ಅನ್ವಯಿಸುವುದಿಲ್ಲ. ಭಾವನ ಕೋವಿ ನೋಡಿ ಇಲ್ಲಿ ಆಸೆಪಡಬೇಡಿ.

ಮುಳ್ಳೇರಿಯ ಹಂದಿಕಾಟ
ನನಗೆ ಹಂದಿ ಹೊಡೆಯಬೇಕು ಅಷ್ಟೇ. ರಿವಾಲ್ವರಿನಲ್ಲಿ ಆಗುತ್ತದಾ?

ಮಾಜಿ ಸುಬೇದಾರ್
ಆಗುವುದಿಲ್ಲ. .32 ಗುಂಡು ಹಂದಿಗೆ ಸಿಟ್ಟು ಬರಿಸುತ್ತದೆ, ಅಷ್ಟೇ. ಆಮೇಲೆ ನೀವು ಯಾವ ಮರ ಹತ್ತಬೇಕು ಅಂತ ಮೊದಲೇ ನೋಡಿಡಿ. ಮತ್ತೆ ಹಂದಿಗೆ ಬೇರೆಯೇ ದಾರಿ ಇದೆ. 2022ರಿಂದ ಕೇರಳದಲ್ಲಿ ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಯಲು ಆದೇಶ ಕೊಡುವ ಅಧಿಕಾರ ಪಂಚಾಯತ್ ಅಧ್ಯಕ್ಷರಿಗೆ ಇದೆ. ಪಟ್ಟಿಯಲ್ಲಿರುವ ಲೈಸೆನ್ಸುದಾರರು ಬಂದು ಹೊಡೆಯುತ್ತಾರೆ. ನೀವಾಗಿಯೇ ಕೈಹಾಕಬೇಡಿ, ತಿನಿಸಿನಲ್ಲಿ ಸಿಡಿಮದ್ದಿನ ತೋಟೆ ಇಡುವ ಕೆಲಸವಂತೂ ಬೇಡವೇ ಬೇಡ, ಹಸು ತಿಂದರೆ ಏನಾಗುತ್ತದೆ ಅಂತ ನೋಡಿದ್ದೇನೆ.

ಬೇಕಲದ ಅಕ್ಕ
ನಾನೂ ಒಂದು ಹೇಳಲಾ. ಗಂಡ ಗಲ್ಫಿನಲ್ಲಿದ್ದಾರೆ, ಮನೆಯಲ್ಲಿ ನಾನು, ಅತ್ತೆ, ಇಬ್ಬರು ಮಕ್ಕಳು. ನಿರ್ಭೀಕ್ ಬಂದಾಗ ಹೆಂಗಸರಿಗೆ ಅಂತ ದೊಡ್ಡ ಪ್ರಚಾರ, ಪರ್ಸಿನಲ್ಲಿ ಹಿಡಿಸುತ್ತದೆ ಅಂತ. ಗಂಡನಿಗೂ ತಲೆಗೆ ಹತ್ತಿತ್ತು. ನಾನು ಒಂದೇ ಪ್ರಶ್ನೆ ಕೇಳಿದೆ. ಎಲ್ಲಿ ಇಡುವುದು? ದಿಂಬಿನ ಕೆಳಗೆ ಇಟ್ಟರೆ ಸಣ್ಣವನ ಕೈಗೆ ಸಿಗುತ್ತದೆ. ಅವನಿಗೆ ಆಗ ಐದು ವರ್ಷ, ಮನೆಯಲ್ಲಿ ನಾನು ಬಚ್ಚಿಟ್ಟ ಚಾಕೊಲೇಟ್ ಯಾವುದೂ ಅವನಿಗೆ ಸಿಗದೆ ಉಳಿದಿಲ್ಲ. ಬೀಗ ಹಾಕಿ ಇಟ್ಟರೆ ಕಳ್ಳ ಬಂದಾಗ ಬೀಗದ ಕೈ ಹುಡುಕಬೇಕು. ಗುಂಡು ಬೇರೆ ಕಡೆ ಇಟ್ಟರೆ ಅದನ್ನು ಹಾಕುವಷ್ಟು ಹೊತ್ತು ಅವನು ಕಾಯ್ತಾನಾ?

ಕೊನೆಗೆ ಮಾಡಿದ್ದು ಇಷ್ಟು. ಹಿಂದಿನ ಬಾಗಿಲಿಗೆ ಕಬ್ಬಿಣದ ಗ್ರಿಲ್. ಮನೆಯ ನಾಲ್ಕು ಮೂಲೆಗೂ ಲೈಟು, ಸ್ವಿಚ್ಚು ನನ್ನ ಮಂಚದ ಪಕ್ಕದಲ್ಲಿ. ಒಂದು ಒತ್ತಿದರೆ ಇಡೀ ಹಿತ್ತಲು ಬೆಳಗುತ್ತದೆ. ಎರಡು ಸಲ ಒತ್ತಿದ್ದೇನೆ. ಒಂದು ಸಲ ಬೆಕ್ಕು. ಇನ್ನೊಂದು ಸಲ ಯಾರೋ ಓಡಿದ್ದು ಕೇಳಿಸಿತು, ಚಪ್ಪಲಿ ಬಿಟ್ಟು ಹೋಗಿದ್ದ. ಎಡಗಾಲಿನದ್ದು.

ಡಲ್ಲಾಸ್‌ವಾಸಿ
ಅಕ್ಕ ಹೇಳಿದ್ದು ಸರಿ. ಇಲ್ಲಿ ಬೆರಳು ಒತ್ತಿದರೆ ತೆರೆಯುವ ಸಣ್ಣ ಪೆಟ್ಟಿಗೆ ಸಿಗುತ್ತದೆ, ಮಂಚಕ್ಕೆ ಬೋಲ್ಟ್ ಮಾಡುತ್ತಾರೆ. ಅಲ್ಲೂ ತರಿಸಬಹುದೇನೋ. ಆದರೂ ಬೆಳಕು ಮೊದಲು. ನನಗೆ ಕಲಿಸಿದವನು ಮೊದಲ ದಿನ ಆಯುಧವನ್ನೇ ಮುಟ್ಟಲು ಬಿಡಲಿಲ್ಲ. ಟಾರ್ಚ್ ಕೊಟ್ಟು ಕತ್ತಲ ಕೋಣೆಗೆ ಕಳಿಸಿ, ಒಳಗೆ ನಿಂತವನ ಕೈಯಲ್ಲಿ ಏನಿದೆ ಹೇಳು ಅಂದ. ನಾನು ಚಾಕು ಅಂದೆ. ಅದು ಮೊಬೈಲ್.

ನೀರ್ಚಾಲಿನ ತಮ್ಮ
ಇಷ್ಟು ಹೊತ್ತು ಓದುತ್ತಾ ಇದ್ದೆ. ಕತ್ತಲು ಅಂದದ್ದಕ್ಕೆ ನಮ್ಮ ಮನೆಯ ಕಥೆ ಹೇಳುತ್ತೇನೆ, ಇದುವರೆಗೆ ಹೊರಗೆ ಯಾರಿಗೂ ಹೇಳಿಲ್ಲ.

ನನಗೆ ಆಗ ಹತ್ತೊಂಬತ್ತು. ಯಕ್ಷಗಾನ ನೋಡಲು ಹೋಗಿದ್ದೆ, ಬೆಳಗ್ಗೆ ಬರುತ್ತೇನೆ ಅಂತ ಹೇಳಿದ್ದವನು ನಿದ್ದೆ ತಡೆಯದೆ ಮೂರು ಗಂಟೆಗೇ ಹೊರಟು ಬಂದೆ. ಎದುರಿನ ಬಾಗಿಲು ಬಡಿದರೆ ಅಜ್ಜಿ ಎಚ್ಚರ ಆಗ್ತಾರೆ ಅಂತ ಹಟ್ಟಿಯ ಕಡೆಯಿಂದ ಬಂದೆ. ಅಲ್ಲಿ ಒಂದು ಅರ್ಧ ಬಾಗಿಲು, ಒಳಗಿನಿಂದ ಕೋಲು ಕೊಟ್ಟಿರುತ್ತಾರೆ, ಕೈ ಹಾಕಿದರೆ ತೆಗೆಯಬಹುದು. ಆ ವಾರ ಊರಲ್ಲಿ ಎರಡು ಮನೆಗೆ ಕಳ್ಳ ನುಗ್ಗಿದ್ದ. ನಾನು ಕೋಲು ಸರಿಸುತ್ತಾ ಇದ್ದೇನೆ, ಒಳಗಿನಿಂದ ಕಟ್ ಅಂತ ಒಂದು ಶಬ್ದ. ಮಾವನ ಜೋಡಿ ನಳಿಗೆಯ ಬೆಡಿಯ ಶಬ್ದ ಅದು, ನನಗೆ ಗೊತ್ತು, ಹಂದಿ ಕಾಯಲು ಅವರ ಜೊತೆ ಕೂತವನು ನಾನು. ಬಾಯಿ ಒಣಗಿ ಹೋಯಿತು. ಮಾವ ಅಂತ ಕರೆಯಬೇಕು, ಸ್ವರ ಬರುವುದಿಲ್ಲ. ಹಟ್ಟಿಯ ದನ ಹೂಂಕರಿಸಿತು, ಗುರುತಿನವರು ಬಂದರೆ ಹೂಂಕರಿಸುವ ಹಾಗೆ. ಮಾವ ಒಳಗಿನಿಂದ 'ಯಾರದು' ಅಂದರು. ದನ ಸುಮ್ಮನಿದ್ದಿದ್ದರೆ ಅವರು ಕೇಳುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲವಂತೆ. ಮರುದಿನ ಬೆಡಿಯನ್ನು ಅಟ್ಟಕ್ಕೆ ಹಾಕಿದವರು ಆಮೇಲೆ ಹಂದಿಗೂ ತೆಗೆಯಲಿಲ್ಲ.

ಬೇಕಲದ ಅಕ್ಕ
ದೇವರೇ.

ಕಪ್ಪುಕೋಟು
ಗುಂಡು ಹಾರಿಸುವ ಹಕ್ಕಿನ ಬಗ್ಗೆ ತಪ್ಪು ಕಲ್ಪನೆ ಜಾಸ್ತಿ ಇದೆ, ಅದನ್ನೂ ಹೇಳಿ ಮುಗಿಸುತ್ತೇನೆ. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರಲ್ಲಿ ಆತ್ಮರಕ್ಷಣೆ 34ರಿಂದ 44ರವರೆಗಿನ ಸೆಕ್ಷನ್‌ಗಳಲ್ಲಿದೆ. ಸೂರ್ಯ ಮುಳುಗಿದ ಮೇಲೆ ಮನೆಯನ್ನು ಒಡೆದು ನುಗ್ಗಿದವನ ವಿಷಯದಲ್ಲಿ ಆ ಹಕ್ಕು ಪ್ರಾಣ ತೆಗೆಯುವವರೆಗೂ ಹೋಗಬಹುದು. ಸರಿ. ಆದರೆ ಅಂಗಳದ ಅಡಿಕೆ ಕದ್ದು ಓಡುವವನ ಬೆನ್ನಿಗೆ ಹೊಡೆದರೆ? ಬರೀ ಕಳ್ಳತನಕ್ಕೆ ಪ್ರಾಣ ತೆಗೆಯುವ ಹಕ್ಕು ಇಲ್ಲ. ನಮಗೆ ಸಾವು ಅಥವಾ ಭಾರೀ ಗಾಯ ಆಗುತ್ತದೆ ಅಂತ ಹೆದರಲು ಕಾರಣ ಇರಬೇಕು. ಬೇಕಾದ್ದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಇಲ್ಲಿ ಕಳವಾದದ್ದು ಮೂರು ಗೋಣಿ ಅಡಿಕೆ. ಅದಕ್ಕೆ ಗುಂಡು ಹೊಡೆದಿದ್ದರೆ ಜೈಲಿನಲ್ಲಿ ಇರುವುದು ಅಪ್ಪ.

ಗಾಳಿಯಲ್ಲಿ ಹಾರಿಸಿ ಹೆದರಿಸಿದರೆ ಆಯಿತು ಅನ್ನುವವರೂ ಇದ್ದಾರೆ. ಮದುವೆ, ಜಾತ್ರೆಯ ಸಂಭ್ರಮದಲ್ಲಿ ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ, ಅಂತ 2019ರಲ್ಲಿ ಸೇರಿಸಿದ್ದಾರೆ. ಹೆದರಿಸಲು ಹಾರಿಸಿದ್ದೂ ಲೆಕ್ಕ ಕೊಡಬೇಕಾದ ಗುಂಡೇ. ಮೇಲೆ ಹೋದದ್ದು ಎಲ್ಲೋ ಬೀಳಲೇಬೇಕಲ್ಲ.

ಹಳೇ ಬೆಡಿ
ಲೈಸೆನ್ಸಿನ ಓಡಾಟವೂ ಗೊತ್ತಿರಲಿ. ಅರ್ಜಿ ಈಗ ಆನ್‌ಲೈನ್. ಪೊಲೀಸ್ ವರದಿ ಆಗಬೇಕು. ಆಯುಧ ಬಳಸುವ, ಜೋಪಾನ ಮಾಡುವ ತರಬೇತಿಯ ಪ್ರಮಾಣಪತ್ರ ಬೇಕು. ಎಲ್ಲಿ ಇಡುತ್ತೀರಿ ಅಂತ ಬರೆದುಕೊಡಬೇಕು. ಕೇರಳ ಪೊಲೀಸರು 2022ರಲ್ಲಿ ಹಣ ಕಟ್ಟಿ ತರಬೇತಿ ಪಡೆಯುವ ವ್ಯವಸ್ಥೆ ಶುರು ಮಾಡಿದ್ದಾರೆ, ಅದು ಒಳ್ಳೆಯದಾಯಿತು. ನನ್ನ ಕಾಲದಲ್ಲಿ ಒಂದು ಕಚೇರಿಯಲ್ಲಿ ನನ್ನ ಫೈಲು ಏಳು ತಿಂಗಳು ಮೇಜಿನ ಕಾಲಿಗೆ ಆಧಾರವಾಗಿ ಇತ್ತು. ಸುಳ್ಳಲ್ಲ, ಮೇಜು ಅಲುಗಾಡುತ್ತಿತ್ತು, ಕಟ್ಟನ್ನು ಮಡಚಿ ಕೆಳಗೆ ಕೊಟ್ಟಿದ್ದರು. ನಾನೇ ಒಂದು ಮರದ ತುಂಡು ಮನೆಯಿಂದ ತೆಗೆದುಕೊಂಡು ಹೋಗಿ ಕೊಟ್ಟು ಫೈಲು ಬಿಡಿಸಿದೆ.

ಬೇಕಿದ್ದರೆ ಏರ್ ಪಿಸ್ತೂಲ್ ತೆಗೆದುಕೊಳ್ಳಿ ಅನ್ನುವವರಿಗೆ: .177 ಬೋರಿನ, 20 ಜೌಲಿಗಿಂತ ಕಡಿಮೆ ಶಕ್ತಿಯ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಮಂಗ ಓಡಿಸಲು ಶಬ್ದ ಆಗುತ್ತದೆ. ಕಳ್ಳನ ಎದುರು ಅದನ್ನು ಹಿಡಿದು ನಿಲ್ಲಬೇಡಿ, ಅವನ ಕೈಯಲ್ಲಿ ಕತ್ತಿ ಇದ್ದರೆ ನಿಮ್ಮ ನಾಟಕ ಅಲ್ಲಿಗೇ ಮುಗಿಯಿತು.

ಮಾಜಿ ಸುಬೇದಾರ್
ನಮ್ಮ ಕಡೆಯವರಿಗೆ ಇನ್ನೊಂದು ಶತ್ರು ಇದೆ, ಮಳೆ. ಆಟಿಯ ತಿಂಗಳಲ್ಲಿ ಒಂದು ವಾರ ತೆಗೆದು ನೋಡದಿದ್ದರೆ ಉಕ್ಕಿನ ಮೇಲೆ ಕೆಂಪು ಬಂದಿರುತ್ತದೆ. ಚರ್ಮದ ಹೋಲ್‌ಸ್ಟರಿನಲ್ಲಿಟ್ಟು ಕಪಾಟಿಗೆ ಹಾಕಬೇಡಿ, ಚರ್ಮ ನೀರು ಹೀರಿ ಅದನ್ನೇ ಉಕ್ಕಿಗೆ ಕೊಡುತ್ತದೆ. ಮರುಭೂಮಿಯಲ್ಲಿ ನಾಲ್ಕು ವರ್ಷ ಇದ್ದೆ, ಅಲ್ಲಿ ಮರಳಿನ ಕಾಟ. ಊರಿಗೆ ಬಂದ ಮೇಲೆ ಅನಿಸಿತು, ಮರಳೇ ವಾಸಿ.

ಪೆರ್ಲದ ಮಗ
ಒಂದು ವಿಷಯ ಹೇಳಲಿಕ್ಕೆ ಮುಜುಗರ ಆಗುತ್ತಿದೆ. ನಿನ್ನೆ ಅಪ್ಪನ ಹತ್ತಿರ ಫೋನಿನಲ್ಲಿ ಈ ಚರ್ಚೆಯ ಬಗ್ಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಮ್ಮದು ಠಾಣೆಯಲ್ಲಿ ಉಂಟಲ್ಲ' ಅಂದರು. ಏನು ಉಂಟು ಅಂದರೆ, ಬೆಡಿ! 1987ರಲ್ಲಿ ತೆಗೆದುಕೊಂಡ 12 ಬೋರಿನ ಒಂಟಿ ನಳಿಗೆ. ನಾನು ಸಣ್ಣವನಿದ್ದಾಗ ನೋಡಿದ ನೆನಪು, ಮಾರಿದ್ದಾರೆ ಅಂದುಕೊಂಡಿದ್ದೆ. 2024ರ ಲೋಕಸಭೆ ಚುನಾವಣೆಗೆ ಜಮಾ ಮಾಡಿದ್ದು, ಆಮೇಲೆ ತರಲೇ ಇಲ್ಲ. ಯಾಕೆ ಅಂತ ಕೇಳಿದರೆ, ಬಸ್ಸಿನಲ್ಲಿ ಹಿಡಿದುಕೊಂಡು ಬರುವುದು ಯಾರು ಅಂದರು. ಲೈಸೆನ್ಸ್ ಮಾತ್ರ ಸರಿಯಾಗಿ ನವೀಕರಿಸಿದ್ದಾರೆ, ದೇವರ ಕೋಣೆಯ ಕಪಾಟಿನಲ್ಲಿ ಪಂಚಾಂಗದ ಜೊತೆ ಇದೆ.

ಹಳೇ ಬೆಡಿ
ನಿಮ್ಮಪ್ಪ ನನ್ನ ಪಂಗಡ.

ಕಪ್ಪುಕೋಟು
ಹಾಗಾದರೆ ಕಥೆಯೇ ಬೇರೆ. 2016ರ ನಿಯಮಗಳ 25ನೇ ನಿಯಮ ಓದಿಕೊಳ್ಳಿ. ಲೈಸೆನ್ಸುದಾರರಿಗೆ 70 ತುಂಬಿದರೆ, ಅಥವಾ ಅವರು ಆ ಆಯುಧವನ್ನು 25 ವರ್ಷ ಇಟ್ಟುಕೊಂಡಿದ್ದರೆ, ಯಾವುದು ಮೊದಲೋ ಅದು, ತಮ್ಮ ವಾರಸುದಾರನನ್ನು ಹೆಸರಿಸಬಹುದು. ಅವನ ಹೆಸರಿಗೆ ಅದೇ ಆಯುಧದ ಲೈಸೆನ್ಸ್ ಕೇಳಬಹುದು. ನಿಮ್ಮ ತಂದೆಗೆ ಎರಡೂ ಆಗಿದೆ. ಆದರೆ ಈಗ ಅವಸರ ಮಾಡಬೇಡಿ. ನೀವು ಬೆಂಗಳೂರಿನಲ್ಲಿ ಇರುವಷ್ಟು ದಿನ ಅದು ಅವರ ಹೆಸರಿನಲ್ಲೇ ಇರಲಿ. ಮನೆಯಲ್ಲಿ ಇರುವವರ ಹೆಸರಿನಲ್ಲಿ ಇದ್ದರೆ ಮಾತ್ರ ಅದು ಮನೆಯ ಕೋವಿ.

ಮಾಜಿ ಸುಬೇದಾರ್
ಅವರ ವಯಸ್ಸಿಗೆ ರಿವಾಲ್ವರಿಗಿಂತ ಅದೇ ಸರಿ. ಭುಜಕ್ಕೆ ಒರಗಿಸುವ ಆಯುಧ, ಎರಡು ಕೈ, ನಡುಕ ಇದ್ದರೂ ನಿಲ್ಲುತ್ತದೆ. ಮಡಚಿದರೆ ಗುಂಡು ಇದೆಯೋ ಇಲ್ಲವೋ ಕಾಣುತ್ತದೆ. ಹಳೆಯ ತೋಟೆ (ಕೋವಿಯ ಗುಂಡು) ಬಳಸಬೇಡಿ. ಕಾಗದದ ಕೇಸಿನವಾದರೆ ನಮ್ಮ ಮಳೆಗೆ ಉಬ್ಬಿರುತ್ತವೆ, ಒಳಗೆ ಹೋಗುವುದಿಲ್ಲ, ಹೋದರೆ ಹೊರಗೆ ಬರುವುದಿಲ್ಲ. ತಂದ ಮೇಲೆ ಹೇಳಿ, ನಾನು ಹತ್ತಿರವೇ ಇದ್ದೇನೆ, ಬಂದು ನೋಡುತ್ತೇನೆ.

ಪೆರ್ಲದ ಮಗ
ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ. ಕಳವಿನ ದೂರು ಕೊಟ್ಟಾಯಿತು. ಅಂಗಳಕ್ಕೆ ಎರಡು, ಹಿತ್ತಲಿಗೆ ಎರಡು ಲೈಟು ಹಾಕಿಸಿದೆ, ಸ್ವಿಚ್ಚು ಅಮ್ಮನ ಮಂಚದ ಪಕ್ಕ. ಅಕ್ಕನಿಗೆ ಥ್ಯಾಂಕ್ಸ್. ಅಮ್ಮ ಮೊದಲ ರಾತ್ರಿ ಐದು ಸಲ ಒತ್ತಿದರಂತೆ, ಕಾರಣ ಇಲ್ಲದೆ. ಒಣಗಿದ ಅಡಿಕೆ ಈಗ ಸಂಜೆಯೇ ಒಳಗೆ ಬರುತ್ತದೆ.

ಶನಿವಾರ ಅಪ್ಪನ ಜೊತೆ ಹೋಗಿ ಬೆಡಿ ತಂದೆವು, ಬಾಡಿಗೆ ಜೀಪಿನಲ್ಲಿ. ಅಪ್ಪ ಅದನ್ನು ಬಟ್ಟೆಯ ಚೀಲದಲ್ಲಿ ಮಡಿಲ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದರು, ಮಗುವನ್ನು ಆಸ್ಪತ್ರೆಯಿಂದ ತರುವ ಹಾಗೆ. ಸುಬೇದಾರರು ಆದಿತ್ಯವಾರ ಬಂದರು. ಮೊದಲು ಮಡಚಿ ತೆರೆದು ಕಣ್ಣಲ್ಲಿ ನೋಡಿದರು. ಆಮೇಲೆ ಕಿರುಬೆರಳು ಹಾಕಿ ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟು, ನಾನು ನೋಡಿದ್ದು ನಿಮಗೆ ಸಾಕಾಗಬಾರದು, ನೀವೂ ನೋಡಿ ಅಂದರು. ನಳಿಗೆಯನ್ನು ಆಕಾಶಕ್ಕೆ ಹಿಡಿದು ಇಣುಕಿದರೆ ಉಂಗುರ ಉಂಗುರವಾಗಿ ಬೆಳಕು, ನಡುವಿನಲ್ಲಿ ಮೂರು ನಾಲ್ಕು ಕೆಂಪು ಚುಕ್ಕಿ. ತಂತಿಯ ಬ್ರಷ್ಷಿನಲ್ಲಿ ಉಜ್ಜಿದ ಮೇಲೆ ಎರಡು ಹೋದವು. ಹಳೆಯ ತೋಟೆಗಳು ನಿಜವಾಗಿಯೂ ಉಬ್ಬಿದ್ದವು, ಒಂದೂ ಹೋಗುವುದಿಲ್ಲ. ಅವನ್ನು ಪರವಾನಗಿ ಇರುವ ಅಂಗಡಿಗೆ ಹಿಂದೆ ಕೊಡುವ ಬಗ್ಗೆ ವಿಚಾರಿಸುತ್ತಿದ್ದೇನೆ.

ಡಲ್ಲಾಸ್‌ವಾಸಿ
ಪಿಸ್ತೂಲ್ ಏನಾಯಿತು?

ಪೆರ್ಲದ ಮಗ
ಅರ್ಜಿ ಅರ್ಧ ತುಂಬಿಸಿದ್ದೆ. ಯಾಕೆ ಬೇಕು ಅನ್ನುವ ಜಾಗಕ್ಕೆ ಬಂದಾಗ ನಿಂತಿತು. ಹಾಗೇ ಇದೆ.

ಒಂದು ಕೊನೆಯ ಪ್ರಶ್ನೆ ಸುಬೇದಾರರಿಗೆ. ನೀವು ಹೋದ ಮೇಲೆ ಅಪ್ಪ ಇನ್ನೊಮ್ಮೆ ಎಣ್ಣೆ ಹಚ್ಚುತ್ತಿದ್ದರು. ನೋಡಿದರೆ ತೆಂಗಿನೆಣ್ಣೆ. 1987ರಿಂದ ಅದನ್ನೇ ಹಚ್ಚುವುದಂತೆ.

ಮಾಜಿ ಸುಬೇದಾರ್
ಅದಕ್ಕೇ ಕುದುರೆ ಅಷ್ಟು ಬಿಗಿ ಇದ್ದದ್ದು! ನಾನು ಸ್ಪ್ರಿಂಗ್ ಹೋಗಿದೆ ಅಂದುಕೊಂಡಿದ್ದೆ. ತೆಂಗಿನೆಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ, ಹಳತಾದರೆ ಅಂಟಾಗುತ್ತದೆ. ಸೀಮೆಎಣ್ಣೆಯಲ್ಲಿ ಒಮ್ಮೆ ತೊಳೆದು, ಒರೆಸಿ, ಹೊಲಿಗೆ ಮೆಷಿನಿನ ಎಣ್ಣೆ ತೆಳ್ಳಗೆ ಹಚ್ಚಿ. ತೆರೆದು ನೋಡಿದ ಮೇಲೆ.

ಪೆರ್ಲದ ಮಗ
ಆಯಿತು. ಅಮ್ಮನ ಮೆಷಿನಿನ ಡಬ್ಬಿ ಇದೆ. ಕೇಳಿದರೆ ಕೊಡ್ತಾರೋ ನೋಡಬೇಕು.